ಸೌದೆ ಗ್ಯಾಸಿಫೈಯರ್‌ನಲ್ಲಿ ಟಾರ್: ಇನ್ನೊಂದು ಫಿಲ್ಟರ್ ಹಾಕೋದಾ, ಬೇರೆ ಕಡೆ ನೋಡೋದಾ?

ಪೀಣ್ಯಶೆಡ್

ಪೀಣ್ಯ 2ನೇ ಹಂತದ ಫ್ಯಾಬ್ರಿಕೇಷನ್ ಶೆಡ್ ಒಂದರಲ್ಲಿ ಡೀಸೆಲ್ ಜನರೇಟರ್ ಬದಲು ಸೌದೆ ಗ್ಯಾಸ್ ಘಟಕ ಓಡ್ತಿದೆ, ಅಂದ್ರೆ ಸೌದೆಯನ್ನ ಕಮ್ಮಿ ಗಾಳಿಯಲ್ಲಿ ಅರೆಬರೆ ಸುಟ್ಟು, ಬರೋ ಗ್ಯಾಸಿಂದ ಇಂಜಿನ್ ಓಡಿಸೋದು. ಡೌನ್‌ಡ್ರಾಫ್ಟ್ (ಗ್ಯಾಸ್ ಕೆಳಮುಖವಾಗಿ ಹರಿಯೋ) ರಿಯಾಕ್ಟರ್, ಒಲೆಭಾಗದ ವ್ಯಾಸ 26 ಸೆಂ.ಮೀ., ಥ್ರೋಟ್ (ಅದರ ಕೆಳಗಿನ ಕಿರಿದಾದ ಕಂಠ) 80 ಮಿ.ಮೀ., ಐದು ನಾಜಲ್ (ಗಾಳಿ ಬಿಡೋ ಮೂತಿ). ಪೆಟ್ರೋಲ್ ಇಂಜಿನ್ ಪರಿವರ್ತನೆ, 10 ಕಿಲೋವ್ಯಾಟ್ ಆಲ್ಟರ್ನೇಟರ್. ಗ್ಯಾಸ್ ಹೋಗೋ ದಾರಿ: ಸೈಕ್ಲೋನ್ (ಗ್ಯಾಸನ್ನ ಸುತ್ತಿಸಿ ಧೂಳು ಬೇರ್ಪಡಿಸೋದು), ಕೂಲರ್, ಬಟ್ಟೆ ಫಿಲ್ಟರ್, ಮರದಪುಡಿ ಫಿಲ್ಟರ್, ಇಂಜಿನ್.

ಸೌದೆ ಅಂದ್ರೆ ಸಾಮಿಲ್‌ನ ನೀಲಗಿರಿ, ಸರ್ವೆ ತುದಿಗಳು, ಜೊತೆಗೆ ಒಡೆದ ಪ್ಯಾಲೆಟ್. ತುಂಡು 5ರಿಂದ 8 ಸೆಂ.ಮೀ. ಲೋಡ್ ಹೆಚ್ಚಿನ ಹೊತ್ತು 3 ಕಿ.ವ್ಯಾ. ಆಸುಪಾಸು, ವೆಲ್ಡಿಂಗ್ ಮತ್ತು ಕಂಪ್ರೆಸರ್ ಸೇರಿದಾಗ 8-9.

ತೊಂದರೆ: ಆರೇಳು ಗಂಟೆಯಲ್ಲಿ ಬಟ್ಟೆ ಒದ್ದೆಯಾಗಿ, ಕಪ್ಪಾಗಿ ಕಟ್ಟಿಕೊಳ್ಳುತ್ತೆ. ಇನ್‌ಟೇಕ್ ವಾಲ್ವ್ ಕಾಂಡಕ್ಕೂ ಟಾರ್, ಅಂದ್ರೆ ಸೌದೆಯಿಂದ ಬರೋ ಡಾಂಬರಿನಂಥ ಅಂಟು. ಎರಡನೇ ಬಟ್ಟೆ ಫಿಲ್ಟರ್, ಅದರ ಹಿಂದೆ ದೊಡ್ಡ ಬ್ಲೋವರ್ ಹಾಕೋ ಯೋಚನೆ. ಯಾವ ಬಟ್ಟೆ, ಎಷ್ಟು ಮೈಕ್ರಾನ್?

ಯೂಕೊಳವೆ

ಮೈಕ್ರಾನ್ ಆಮೇಲೆ. ಮೊದಲು ನಾಲ್ಕು ಅಂಕಿ ಬೇಕು. ಸೌದೆಯ ತೇವಾಂಶ, ಮೀಟರಿನದಲ್ಲ, ತೂಕ ಮಾಡಿ ಕಂಡುಹಿಡಿದದ್ದು. ಥ್ರೋಟ್‌ನಿಂದ 5 ಸೆಂ.ಮೀ. ಕೆಳಗಿನ ಉಷ್ಣತೆ. ನಾಜಲ್ ಹತ್ತಿರದ ನಿರ್ವಾತ (ಹೀರುವಿಕೆಯ ಒತ್ತಡ) ಮತ್ತು ಗ್ರೇಟ್ (ಇದ್ದಿಲು ನಿಲ್ಲೋ ತಳದ ಜಾಲರಿ) ಕೆಳಗಿನ ನಿರ್ವಾತ, ಎರಡಕ್ಕೂ ಬೇರೆ ಬೇರೆ ನೀರಿನ ಕೊಳವೆ ಕಟ್ಟಿ. ಕೊನೆಯದು, ಬೂದಿಗುಂಡಿಯಲ್ಲಿ ನಾಲ್ಕು ಗಂಟೆಗೆ ಎಷ್ಟು ಇದ್ದಿಲು ಬೀಳುತ್ತೆ.

ತೇವಾಂಶಕ್ಕೆ: ಬೇರೆ ಬೇರೆ ಕಡೆಯಿಂದ ಆರಿಸಿ ಸೀಳಿದ 100 ಗ್ರಾಂ ಚೂರು, 103 ರಿಂದ 105 ಡಿಗ್ರಿ ಓವನ್‌ನಲ್ಲಿ ತೂಕ ನಿಲ್ಲುವ ತನಕ, ಸಾಮಾನ್ಯವಾಗಿ ಒಂದು ದಿನ. 80 ಗ್ರಾಂ ಉಳಿದರೆ ಹಸಿ ತೂಕದ ಲೆಕ್ಕದಲ್ಲಿ ತೇವಾಂಶ ಶೇ. 20. ಎರಡು ಮುಳ್ಳಿನ ಮೀಟರ್ ತೋರಿಸೋದು ಒಣ ತೂಕದ ಲೆಕ್ಕ, ಅದೇ ಸೌದೆಗೆ ಅದು 25 ಅನ್ನುತ್ತೆ. ಈ ಎರಡು ಲೆಕ್ಕ ಬೆರೆಸಿಕೊಂಡು ನಡೆಯೋ ಜಗಳ ಕಮ್ಮಿ ಇಲ್ಲ.

ಇಂಜಿನ್‌ಕಿವಿ

ದೊಡ್ಡ ಬ್ಲೋವರ್ ಮಾತ್ರ ಬೇಡ ಗುರು. ಹಿಂದಿನಿಂದ ಜೋರಾಗಿ ಎಳೆದಷ್ಟೂ ರಿಯಾಕ್ಟರ್ ಒಳಗೆ ನಿರ್ವಾತ ಜಾಸ್ತಿ. ಹಾಪರ್ (ಸೌದೆ ತುಂಬೋ ಮೇಲಿನ ಡಬ್ಬ) ಮುಚ್ಚಳದ ಹಗ್ಗ, ಬೂದಿ ಬಾಗಿಲ ಗ್ಯಾಸ್ಕೆಟ್, ಎಲ್ಲೆಲ್ಲಿ ಸಂದಿ ಇದೆಯೋ ಅಲ್ಲೆಲ್ಲ ಗಾಳಿ ನುಗ್ಗುತ್ತೆ. ಗ್ರೇಟ್ ಕೆಳಗೆ ನುಗ್ಗಿದ ಗಾಳಿ ತಯಾರಾದ ಗ್ಯಾಸನ್ನೇ ಸುಡುತ್ತೆ. ಗ್ಯಾಸ್ ತೆಳುವಾಯ್ತು ಅಂತ ಇಂಜಿನ್ ಇನ್ನಷ್ಟು ಎಳೆಯುತ್ತೆ. ಗ್ಯಾಸ್‌ನಲ್ಲಿ ಆಮ್ಲಜನಕ ಶೇ. 1ರ ಕೆಳಗಿರಬೇಕು, 2 ದಾಟಿದರೆ ಘಟಕ ನಿಲ್ಲಿಸಿ ಸೋರಿಕೆ ಹುಡುಕಿ. ಪರೀಕ್ಷೆ ಸುಲಭ: ತಣ್ಣಗಿರುವಾಗ ಎಲ್ಲ ಮುಚ್ಚಿ, ಒಳಗೆ ಸ್ವಲ್ಪ ಒತ್ತಡದ ಗಾಳಿ ಬಿಟ್ಟು ಸೋಪಿನ ನೀರು ಬಳಿಯಿರಿ.

ಇದ್ದಿಲುಹಾಸು

ಮೇಲಿನ ಮಾತನ್ನೇ ಸ್ವಲ್ಪ ಹಿಗ್ಗಿಸುತ್ತೇನೆ. ಈ ಘಟಕದಲ್ಲಿ ಫಿಲ್ಟರ್ ಒಂದು ಭಾಗ, ರಿಯಾಕ್ಟರ್ ಒಂದು ಭಾಗ, ಇಂಜಿನ್ ಒಂದು ಭಾಗ ಎಂದು ಬೇರೆ ಬೇರೆ ನೋಡಿದರೆ ಟಾರ್ ಫಿಲ್ಟರಿನ ಸಮಸ್ಯೆಯಾಗಿ ಕಾಣುತ್ತದೆ. ಹೀರುವುದು ಇಂಜಿನ್. ಅದು ಹೀರಿದಷ್ಟೇ ಗಾಳಿ ನಾಜಲ್‌ನಿಂದ ಒಳಬರುತ್ತದೆ. ಗಾಳಿ ಬಂದಷ್ಟೇ ಬೆಂಕಿ. ಬೆಂಕಿ ಇದ್ದಷ್ಟೇ ಟಾರ್ ಒಡೆಯುತ್ತದೆ. ಒಡೆಯದ ಟಾರ್ ಫಿಲ್ಟರಿಗೆ ಬಂದು ಕಟ್ಟುತ್ತದೆ. ಕಟ್ಟಿದ ಫಿಲ್ಟರ್ ಇಂಜಿನ್ನಿನ ಹೀರುವಿಕೆಯನ್ನು ಕಡಿಮೆ ಮಾಡುತ್ತದೆ. ಮತ್ತೆ ನಾಜಲ್ ಗಾಳಿ ಕಡಿಮೆ, ಬೆಂಕಿ ಕಡಿಮೆ, ಟಾರ್ ಹೆಚ್ಚು. ಈ ಸುತ್ತು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಎರಡನೇ ಫಿಲ್ಟರ್ ಹಾಕಿದರೆ ಅದೇ ಸುತ್ತಿಗೆ ಇನ್ನೊಂದು ತಡೆ ಸೇರಿಸಿದಂತೆ. ಮೊದಲ ವಾರ ಚೆನ್ನಾಗಿರುತ್ತದೆ, ಆಮೇಲೆ ಎರಡು ಬಟ್ಟೆ ತೊಳೆಯಬೇಕಾಗುತ್ತದೆ. ಹಸಿ ಸೌದೆ ತುರುಕಿ ಅಡುಗೆಮನೆಯ ಹೊಗೆಗಂಡಿ ದೊಡ್ಡದು ಮಾಡುವ ಕೆಲಸ ಇದು.

ರಿಯಾಕ್ಟರ್ ಒಳಗೆ ಆಗುವುದೇನು? ಮೇಲೆ 100ರಿಂದ 200 ಡಿಗ್ರಿಯಲ್ಲಿ ಸೌದೆ ಒಣಗುತ್ತದೆ. 200ರಿಂದ 500ರೊಳಗೆ ಮರ ಒಡೆದು ಆವಿ, ಟಾರ್, ಇದ್ದಿಲಾಗುತ್ತದೆ. ನಾಜಲ್ ಎದುರು ಉಷ್ಣತೆ 1000 ದಾಟುತ್ತದೆ, ಟಾರ್ ಸುಟ್ಟು ಒಡೆಯುವುದು ಇಲ್ಲೇ. ಅದರ ಕೆಳಗಿನ ಕೆಂಡದ ಹಾಸಿನಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಇದ್ದಿಲಿನ ಜೊತೆ ಸೇರಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಆಗುತ್ತವೆ. ಈ ಕೊನೆಯ ಎರಡು ಕ್ರಿಯೆಗಳು ಶಾಖ ತಿನ್ನುತ್ತವೆ. ಹಾಸು 700 ಡಿಗ್ರಿಗಿಂತ ಕೆಳಗಿಳಿದರೆ ಅವು ನಿಂತೇ ಹೋದಂತೆ. ಸರಿಯಾಗಿ ನಡೆದರೆ ಒಂದು ಕೆಜಿ ಒಣ ಸೌದೆಗೆ ಸುಮಾರು 2.5 ಘನ ಮೀಟರ್ ಗ್ಯಾಸ್: ಕಾರ್ಬನ್ ಮಾನಾಕ್ಸೈಡ್ ಶೇ. 18-22, ಹೈಡ್ರೋಜನ್ 15-20, ಮೀಥೇನ್ 1-3, ಉಳಿದದ್ದರಲ್ಲಿ ಅರ್ಧದಷ್ಟಲ್ಲ, ಒಟ್ಟು ಗ್ಯಾಸಿನ ಅರ್ಧದಷ್ಟು ಸಾರಜನಕ. ಘನ ಮೀಟರಿಗೆ 4.5ರಿಂದ 5 ಮೆಗಾಜೂಲ್.

ಇಂಜಿನ್ ತಡೆದುಕೊಳ್ಳುವ ಟಾರ್ ಘನ ಮೀಟರಿಗೆ 100 ಮಿಲಿಗ್ರಾಂ ಒಳಗೆ. ರಿಯಾಕ್ಟರ್ ತಣ್ಣಗಾಗಿ 2 ಗ್ರಾಂ ಬರುತ್ತಿದ್ದರೆ, ಗಂಟೆಗೆ 13 ಘನ ಮೀಟರ್ ಹರಿವಿಗೆ ಏಳು ಗಂಟೆಯಲ್ಲಿ 180 ಗ್ರಾಂ ಟಾರ್. ಯಾವ ಬಟ್ಟೆ ತಾನೇ ಅದನ್ನು ತಡೆದೀತು?

ಕಂಠಮಾಪ

ಆ 13 ಎಲ್ಲಿಂದ ಬಂತು ಅಂತ ಕೇಳುವವರಿಗೆ ಲೆಕ್ಕ. 10 ಕಿ.ವ್ಯಾ. ಪೂರ್ಣ ಲೋಡ್‌ಗೆ ಯೂನಿಟ್‌ಗೆ 1.2 ಕೆಜಿ ಸೌದೆ, ಗಂಟೆಗೆ 12 ಕೆಜಿ, ಗ್ಯಾಸ್ 30 ಘನ ಮೀಟರ್. 80 ಮಿ.ಮೀ. ಥ್ರೋಟ್‌ನ ವಿಸ್ತೀರ್ಣ 50 ಚದರ ಸೆಂ.ಮೀ. ಅಂದರೆ ಪ್ರತಿ ಚದರ ಸೆಂ.ಮೀ.ಗೆ ಗಂಟೆಗೆ 0.6 ಘನ ಮೀಟರ್. ಇಂಬರ್ಟ್ ಮಾದರಿಗೆ (ಇಂಥ ಥ್ರೋಟ್ ಇರುವ ಡೌನ್‌ಡ್ರಾಫ್ಟ್ ರಿಯಾಕ್ಟರ್) ಮೇಲಿನ ಮಿತಿ 0.9, ಟಾರ್ ಒಡೆಯಲು ಬೇಕಾದ ಕೆಳಗಿನ ಮಿತಿ 0.3ರ ಆಸುಪಾಸು, ಒಲೆಗೆ ಶಾಖನಿರೋಧಕ ಹೊದಿಕೆ ಚೆನ್ನಾಗಿದ್ದರೆ ಇನ್ನೂ ಸ್ವಲ್ಪ ಕೆಳಗೆ. 3 ಕಿ.ವ್ಯಾ. ಲೋಡ್‌ನಲ್ಲಿ ಇಂಜಿನ್ ದಕ್ಷತೆ ಕುಸಿಯುವುದರಿಂದ ಗ್ಯಾಸ್ 9ಕ್ಕೆ ಇಳಿಯಲ್ಲ, 13ರಿಂದ 15ರಲ್ಲಿ ನಿಲ್ಲುತ್ತೆ. ಆದರೂ 0.26ರಿಂದ 0.3. ಈ ಘಟಕ ದಿನದ ಬಹುಪಾಲು ತನ್ನ ಕೆಳಮಿತಿಯ ಅಂಚಿನಲ್ಲೇ ಒದ್ದಾಡ್ತಿದೆ.

ಇನ್ನೊಂದು, ತುಂಡಿನ ಅಳತೆ. ಒಲೆಭಾಗದ ವ್ಯಾಸ ತುಂಡಿನ ಅತಿ ಉದ್ದದ ಅಳತೆಗಿಂತ ಆರೇಳು ಪಟ್ಟಾದರೂ ಇರಬೇಕು. 26ಕ್ಕೆ 4 ಸೆಂ.ಮೀ. ಮೀರಬಾರದು. 8 ಸೆಂ.ಮೀ. ತುಂಡು ಒಂದಕ್ಕೊಂದು ಆತು ಸೇತುವೆ ಕಟ್ಟುತ್ತೆ, ಕೆಳಗೆ ಟೊಳ್ಳಾಗುತ್ತೆ, ಸೇತುವೆ ಕುಸಿದಾಗ ಹಸಿ ಸೌದೆ ನೇರ ನಾಜಲ್ ಎದುರಿಗೆ ಬೀಳುತ್ತೆ. ಆ ಕ್ಷಣದ ಟಾರ್ ಇಡೀ ಗಂಟೆಯದ್ದಕ್ಕಿಂತ ಜಾಸ್ತಿ ಇದ್ದರೂ ಆಶ್ಚರ್ಯ ಇಲ್ಲ. ಹಾಗಂತ ಪುಡಿಯನ್ನೂ ಹಾಕಬೇಡಿ, 1 ಸೆಂ.ಮೀ.ಗಿಂತ ಸಣ್ಣದನ್ನು ಜರಡಿ ಹಿಡಿದು ತೆಗೆಯಿರಿ, ಅದು ಹಾಸನ್ನು ಮುಚ್ಚುತ್ತೆ.

ಪೀಣ್ಯಶೆಡ್

ಅಂಕಿ: ಓವನ್ ತೂಕದಲ್ಲಿ ಸಾಮಿಲ್ ಸೌದೆ ಶೇ. 27, ಪ್ಯಾಲೆಟ್ 14. ಥ್ರೋಟ್ ಕೆಳಗೆ 9 ಕಿ.ವ್ಯಾ.ನಲ್ಲಿ 860 ಡಿಗ್ರಿ, 3 ಕಿ.ವ್ಯಾ.ನಲ್ಲಿ 690. ನಿರ್ವಾತ, ನೀರಿನ ಸೆಂ.ಮೀ.ನಲ್ಲಿ, 9 ಕಿ.ವ್ಯಾ.ಗೆ ನಾಜಲ್ ಹತ್ತಿರ 3, ಗ್ರೇಟ್ ಕೆಳಗೆ 19. ನಾಲ್ಕು ಗಂಟೆಗೆ 25 ಕೆಜಿ ಸೌದೆ ಹೋಗಿದೆ, ಗುಂಡಿಯಲ್ಲಿ ಇದ್ದಿಲು 300 ಗ್ರಾಂ. ಗ್ರೇಟ್ ಅಲ್ಲಾಡಿಸೋದು ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ.

ಯೂಕೊಳವೆ

3ಕ್ಕೆ 19. ಹಾಸು ಗಟ್ಟಿಯಾಗಿ ಮುಚ್ಚಿಕೊಂಡಿದೆ. ನಾಜಲ್ ನಿರ್ವಾತ ಗ್ರೇಟ್ ನಿರ್ವಾತದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇದ್ದರೆ ಹಾಸು ಉಸಿರಾಡ್ತಿದೆ ಅಂತ. ಇಲ್ಲಿ ಆರನೇ ಒಂದು ಭಾಗ. ಎರಡೂ ಹತ್ತಿರ ಹತ್ತಿರ ಬಂದರೆ ತದ್ವಿರುದ್ಧ ರೋಗ: ಹಾಸು ತೆಳ್ಳಗಾಗಿದೆ ಅಥವಾ ಸೇತುವೆಯ ಕೆಳಗೆ ಟೊಳ್ಳಿದೆ.

ಗಡಿಯಾರ ನೋಡಿ ಗ್ರೇಟ್ ಅಲ್ಲಾಡಿಸೋದು ಬಿಡಿ. ಕೊಳವೆ ನೋಡಿ ಅಲ್ಲಾಡಿಸಿ. ಅದೇ ಲೋಡ್‌ನಲ್ಲಿ ಗ್ರೇಟ್ ಕೆಳಗಿನ ನಿರ್ವಾತ ಶುದ್ಧ ಹಾಸಿನ ಅಳತೆಗಿಂತ ಒಂದೂವರೆ ಪಟ್ಟಾದಾಗ ಎರಡು ಸಲ ಸಣ್ಣಗೆ, ಒಂದು ನಿಮಿಷ ಕಾದು ಮತ್ತೆ ನೋಡಿ.

ಇದ್ದಿಲುಹಾಸು

ಇದ್ದಿಲಿನ ಹಾಸನ್ನು ಒಂದು ದಾಸ್ತಾನು ಎಂದು ನೋಡಿದರೆ ಈ ಅಂಕಿಗಳು ತಾವಾಗಿ ಮಾತಾಡುತ್ತವೆ. ಒಳಹರಿವು: ಸೌದೆಯ ತೂಕದ ಸುಮಾರು ಐದನೇ ಒಂದು ಭಾಗ ಇದ್ದಿಲಾಗಿ ಹಾಸಿಗೆ ಬೀಳುತ್ತದೆ. 25 ಕೆಜಿಗೆ 5 ಕೆಜಿ. ಹೊರಹರಿವು ಎರಡು: ಗ್ಯಾಸ್ ಆಗಿ ಹೋಗುವುದು, ಗ್ರೇಟ್‌ನಿಂದ ಉದುರುವುದು. ಗ್ರೇಟ್‌ನಿಂದ ಸೌದೆಯ ತೂಕದ ಶೇ. 3ರಿಂದ 5 ಉದುರಬೇಕು, ಅಂದರೆ ಮುಕ್ಕಾಲು ಕೆಜಿಯಿಂದ ಒಂದೂಕಾಲು. ಇಲ್ಲಿ ಉದುರಿದ್ದು 300 ಗ್ರಾಂ, ಶೇ. 1.2. ಇದ್ದಿಲು ಹಾಸಿನಲ್ಲಿ ಕೂತು, ಸವೆದು, ಪುಡಿಯಾಗಿ ಸಂದಿಗಳನ್ನು ತುಂಬಿದೆ.

ಆದರೆ ಇದನ್ನು ಓದಿ ನಾಳೆಯಿಂದ ಗ್ರೇಟನ್ನು ಜೋರಾಗಿ ಅಲ್ಲಾಡಿಸಿದರೆ ಇನ್ನೊಂದು ಕಡೆ ಬೀಳುತ್ತೀರಿ. ಗಂಟೆಗೆ ಒಂದೂವರೆ ಕೆಜಿ ಕೆಳಗೆ ಬಿದ್ದರೆ ದಾಸ್ತಾನು ಕರಗುತ್ತದೆ, ಬೆಂಕಿ ಗ್ರೇಟಿನತ್ತ ಇಳಿಯುತ್ತದೆ, ಗ್ರೇಟ್ ಕೆಳಗಿನ ಗ್ಯಾಸ್ ಬಿಸಿ ಏರುತ್ತದೆ, ಟಾರ್ ದಾಟಿ ಬರುತ್ತದೆ. ಕಟ್ಟಿದ ಹಾಸೂ ಟಾರ್ ಕೊಡುತ್ತದೆ, ಕರಗಿದ ಹಾಸೂ ಟಾರ್ ಕೊಡುತ್ತದೆ. ಬಟ್ಟೆ ನೋಡಿ ಯಾವುದೆಂದು ಹೇಳಲಾಗದು, ಎರಡು ಕೊಳವೆ ಮತ್ತು ಗುಂಡಿಯ ತೂಕ ಇದ್ದರೆ ಹೇಳಬಹುದು.

ಇಂಜಿನ್‌ಕಿವಿ

ಸಿಸ್ಟಮ್ಸ್ ಥಿಂಕಿಂಗ್ (ಇಡೀ ವ್ಯವಸ್ಥೆಯನ್ನ ಒಟ್ಟಿಗೆ ನೋಡೋದು), ದಾಸ್ತಾನು, ಹರಿವು ಎಲ್ಲ ಸರಿ. ಒಬ್ಬ ಕಿವಿ ಇರೋ ಆಪರೇಟರ್ ಇದ್ರೆ ಇಷ್ಟೆಲ್ಲ ಬೇಕಾ? ಇಂಜಿನ್ ಸದ್ದು ಕೇಳಿದ್ರೆ ಗ್ಯಾಸ್ ಹೇಗಿದೆ ಅಂತ ಗೊತ್ತಾಗುತ್ತೆ.

ಇದ್ದಿಲುಹಾಸು

ಗೊತ್ತಾಗುತ್ತದೆ, ತಡವಾಗಿ. ಹಾಪರ್‌ನಲ್ಲಿ 30 ಕೆಜಿ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. 3 ಕಿ.ವ್ಯಾ.ನಲ್ಲಿ ಗಂಟೆಗೆ 6 ಕೆಜಿ ಹೋಗುತ್ತದೆ. ಬೆಳಿಗ್ಗೆ 9ಕ್ಕೆ ಮೇಲೆ ಸುರಿದ ಹಸಿ ಮೂಟೆ ಬೆಂಕಿಗೆ ಮುಖ ಕೊಡುವುದು ಮಧ್ಯಾಹ್ನ 2ಕ್ಕೆ. ಅಷ್ಟರಲ್ಲಿ ಎರಡು ಒಣ ಮೂಟೆ ಬಿದ್ದಿರುತ್ತವೆ. ಇಂಜಿನ್ ಕೆಮ್ಮಿದಾಗ ಆಪರೇಟರ್ ಈಗಷ್ಟೇ ಹಾಕಿದ ಮೂಟೆಯನ್ನು ಬೈಯುತ್ತಾನೆ, ಇಲ್ಲವೇ ಗ್ರೇಟ್ ಅಲ್ಲಾಡಿಸುತ್ತಾನೆ, ಗಾಳಿ ವಾಲ್ವ್ ತಿರುಗಿಸುತ್ತಾನೆ. ಹಸಿ ಮೂಟೆ ದಾಟಿ ಒಣಗಿದ್ದು ಬಂದಾಗ ಆ ಹೊಂದಿಕೆಗಳೆಲ್ಲ ತಪ್ಪಾಗಿ ಕೂತಿರುತ್ತವೆ. ಆಪರೇಟರ್ ಕೂಡ ಈ ಸುತ್ತಿನೊಳಗಿನ ಒಂದು ಭಾಗ. ಪ್ರತಿ ಮೂಟೆಗೆ ಸಮಯ, ತೂಕ, ಎಲ್ಲಿಂದ ಬಂದದ್ದು ಎಂದು ಗೋಡೆಯ ಹಲಗೆ ಮೇಲೆ ಬರೆದರೆ ಸಾಕು, ಆ ಐದು ಗಂಟೆಯ ಅಂತರ ಕಣ್ಣಿಗೆ ಕಾಣುತ್ತದೆ. ಹಸಿ ಮತ್ತು ಒಣ ಸೌದೆಯನ್ನು ಬೇರೆ ಬೇರೆ ಸುರಿಯುವುದಕ್ಕಿಂತ ಮೊದಲೇ ಬೆರೆಸಿ ಸುರಿಯುವುದು ಮೇಲು, ಏರಿಳಿತವಾದರೂ ತಪ್ಪುತ್ತದೆ.

ನೆಲಮಂಗಲ_ತೋಪು

27 ತೇವಾಂಶದ ಸೌದೆ ಹಾಕಿ ಟಾರ್ ಬಗ್ಗೆ ಮಾತಾಡೋದೇ ಬೇಡ. ಶೇ. 15ಕ್ಕೆ ಇಳಿಸಿ, 20 ಅಂದ್ರೆ ಕೊನೇ ಗಡಿ. ಕಡಿದ ಮರ ಶೇ. 50 ನೀರು. ಸೀಳಿ, ನೆಲಕ್ಕೆ ತಾಗದಂಗೆ ಪೇರಿಸಿ, ಮೇಲೆ ಮಾತ್ರ ಶೀಟು ಹೊದಿಸಿ, ಪಕ್ಕ ಬಿಡಿ. ಬೇಸಿಗೇಲಿ ಬೆಂಗಳೂರಿನ ಗಾಳಿಗೆ ತೆಳ್ಳಗೆ ಸೀಳಿದ್ದು ಹತ್ತರ ಹತ್ತಿರಕ್ಕೂ ಇಳೀತದೆ. ಮಳೆಗಾಲದಲ್ಲಿ ನೆರಳಲ್ಲಿ ಇಟ್ಟದ್ದೂ 15-18ಕ್ಕಿಂತ ಕೆಳಗೆ ಬರಲ್ಲ, ಗಾಳೀಲೇ ಅಷ್ಟು ತೇವ ಇರ್ತದೆ. ಅದಕ್ಕೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ಸೌದೆಯನ್ನ ಫೆಬ್ರವರಿ, ಮಾರ್ಚ್‌ನಲ್ಲೇ ಸೀಳಿ ಒಣಗಿಸಿ ಇಟ್ಕೋಬೇಕು. ಪೀಣ್ಯದ ಬಾಡಿಗೇಲಿ ಅಷ್ಟು ಜಾಗ ಎಲ್ಲಿ ಅನ್ನೋದು ಬೇರೆ ಮಾತು.

ಕಂಠಮಾಪ

ಜಾಗ ಇಲ್ಲದಿದ್ದರೆ ಎಕ್ಸಾಸ್ಟ್ ಶಾಖ ಇದೆ. ಪೂರ್ಣ ಲೋಡ್‌ನಲ್ಲಿ ಇಂಜಿನ್ನಿಗೆ ಹೋಗುವ ಸುಮಾರು 40 ಕಿ.ವ್ಯಾ. ಗ್ಯಾಸ್ ಶಕ್ತಿಯಲ್ಲಿ 12ರಷ್ಟು ಎಕ್ಸಾಸ್ಟ್‌ನಲ್ಲಿ ಹೋಗುತ್ತೆ, ಅದರಲ್ಲಿ ಅರ್ಧ ಹಿಡಿಯಬಹುದು, ಅಂದರೆ 6. ಶೇ. 27ರಿಂದ 15ಕ್ಕೆ ಇಳಿಸಲು ಗಂಟೆಗೆ 2 ಕೆಜಿ ನೀರು ತೆಗೆಯಬೇಕು. ಸೋರಿಕೆ ಎಲ್ಲ ಸೇರಿ ಕೆಜಿ ನೀರಿಗೆ 4 ಮೆಗಾಜೂಲ್ ಹಿಡಿದರೆ 8 ಮೆಗಾಜೂಲ್, ಅಂದರೆ ಎರಡೂಕಾಲು ಕಿ.ವ್ಯಾ. ಶಾಖ. ಧಾರಾಳ ಆಯ್ತು. ಎಕ್ಸಾಸ್ಟನ್ನು ನೇರ ಸೌದೆ ಮೇಲೆ ಬಿಡಬೇಡಿ, ಕೊಳವೆಯ ಮೂಲಕ ಗಾಳಿ ಕಾಯಿಸಿ, 70-80 ಡಿಗ್ರಿ ಗಾಳಿಯನ್ನು ತೂತಿನ ತಳದ ಡ್ರಮ್‌ಗೆ ಊದಿ. ಎರಡು ಡ್ರಮ್ ಬೇಕು, ಒಂದು ಒಣಗುವಾಗ ಇನ್ನೊಂದರಿಂದ ಬಳಕೆ.

ಈಗ ಇದನ್ನು ಮೊದಲಿನ ಲೆಕ್ಕದ ಜೊತೆ ಸೇರಿಸಿ ನೋಡಿ. ಲೋಡ್ ಕಮ್ಮಿ ಆದರೆ ಎಕ್ಸಾಸ್ಟ್ ಶಾಖವೂ ಕಮ್ಮಿ, ಡ್ರಮ್ ಸರಿಯಾಗಿ ಒಣಗಲ್ಲ, ನಾಳೆಯ ಸೌದೆ ಹಸಿ, ನಾಳೆಯ ಬೆಂಕಿ ತಣ್ಣಗೆ. ಲೋಡ್ ಏರಿಸಿದರೆ ಇದೇ ಸುತ್ತು ಒಳ್ಳೆಯ ದಿಕ್ಕಿಗೆ ತಿರುಗುತ್ತೆ. ಹಾಗಾಗಿ ಇಡೀ ಘಟಕದಲ್ಲಿ ಅತಿ ಅಗ್ಗದ ಹಿಡಿಕೆ ಲೋಡ್‌ನ ವೇಳಾಪಟ್ಟಿ. ಲೈಟು, ಫ್ಯಾನು ಬೆಸ್ಕಾಂ ಮೇಲೆ ಅಥವಾ ಬ್ಯಾಟರಿ ಮೇಲೆ. ವೆಲ್ಡಿಂಗ್, ಕಂಪ್ರೆಸರ್, ನೀರಿನ ಪಂಪ್ ಎಲ್ಲ ಒಟ್ಟು ಮೂರು ಗಂಟೆಗೆ ಜೋಡಿಸಿ. 3 ಕಿ.ವ್ಯಾ.ನಲ್ಲಿ ಎಂಟು ಗಂಟೆ ಓಡಿ ಬರುವ 24 ಯೂನಿಟ್‌ಗೆ 46 ಕೆಜಿ ಸೌದೆ ಬೇಕು, 9 ಕಿ.ವ್ಯಾ.ನಲ್ಲಿ ಓಡಿಸಿದರೆ 30 ಕೆಜಿಯಲ್ಲಿ ಮುಗಿಯುತ್ತೆ. ಲೋಡ್ ಜೋಡಿಸಲು ಆಗೋದೇ ಇಲ್ಲ ಅಂದರೆ ಥ್ರೋಟ್ ಒಳಗೆ 60 ಮಿ.ಮೀ. ರಿಂಗ್ ಹಾಕಿ, ಆಗ ಗರಿಷ್ಠ ಸಾಮರ್ಥ್ಯ ಬಿಟ್ಟುಕೊಡಬೇಕಾಗುತ್ತೆ.

ಇಂಜಿನ್‌ಕಿವಿ

10 ಕಿ.ವ್ಯಾ. ಅನ್ನೋ ಮಾತನ್ನೂ ಸ್ವಲ್ಪ ಕೆಳಗಿಳಿಸಿ. ಪೆಟ್ರೋಲ್ ಇಂಜಿನ್ನಿಗೆ ಈ ಗ್ಯಾಸ್ ಕೊಟ್ಟರೆ ಶಕ್ತಿ ಶೇ. 40ರಷ್ಟು ಬಿದ್ದುಹೋಗುತ್ತೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಅದಕ್ಕೆ ಇನ್ನೊಂದು ಶೇ. 9-10. ಪೆಟ್ರೋಲ್‌ನಲ್ಲಿ, ಸಮುದ್ರಮಟ್ಟದಲ್ಲಿ 18 ಕಿ.ವ್ಯಾ. ಇದ್ದ ಇಂಜಿನ್ ಮಾತ್ರ ಇಲ್ಲಿ 10 ಕೊಡುತ್ತೆ. ಇಗ್ನಿಷನ್ ಟೈಮಿಂಗ್ ಮುಂದಕ್ಕೆ ತಂದಿದ್ದೀರಾ? ಈ ಗ್ಯಾಸ್ ನಿಧಾನಕ್ಕೆ ಉರಿಯುತ್ತೆ.

ಯೂಕೊಳವೆ

ಬಟ್ಟೆ ಯಾಕೆ *ಒದ್ದೆ* ಆಗುತ್ತೆ ಅನ್ನೋದನ್ನು ಯಾರೂ ಮುಟ್ಟಲಿಲ್ಲ. ಜೋಡಣೆಯ ಕ್ರಮವೇ ಉಲ್ಟಾ ಇದೆ. ಕೂಲರ್ ಆದ್ಮೇಲೆ ಬಟ್ಟೆ ಇಟ್ಟರೆ ಗ್ಯಾಸಿನಲ್ಲಿರೋ ನೀರಾವಿ ಅಲ್ಲೇ ಇಳಿಯುತ್ತೆ, ಈ ಸೌದೆಗೆ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್. ನೀರು, ಟಾರ್, ಇದ್ದಿಲು ಧೂಳು ಸೇರಿದರೆ ಅದು ಡಾಂಬರಿನ ಲೇಪ. ಬಟ್ಟೆ ಬಿಸಿಯಾಗಿರಬೇಕು. ಸೈಕ್ಲೋನ್ ಆದ್ಮೇಲೆ ಗ್ಯಾಸ್ 150-200ರ ನಡುವೆ ಇರುವ ಜಾಗದಲ್ಲಿ ಬಟ್ಟೆ, ಆಮೇಲೆ ಕೂಲರ್, ಅದರ ಕೆಳಗೆ ನೀರು ಇಳಿಯೋ ಡಬ್ಬ, ಆಮೇಲೆ ಮರದಪುಡಿ. ಪಾಲಿಯೆಸ್ಟರ್ ಬಟ್ಟೆ 130ಕ್ಕೆ ಮೇಲೆ ಬಾಳಲ್ಲ, ಗ್ಲಾಸ್‌ಫೈಬರ್ ಬಳಸಿ. ಹೊತ್ತಿಸುವಾಗ ಬಟ್ಟೆ ತಣ್ಣಗಿರುತ್ತೆ, ಟಾರ್ ಅತಿ ಹೆಚ್ಚು ಬರೋದೂ ಅದೇ ಹೊತ್ತಿನಲ್ಲಿ, ಅದಕ್ಕೆ ಬೈಪಾಸ್ ವಾಲ್ವ್ ಕಡ್ಡಾಯ.

ಹೊತ್ತಿಸೋ ಕ್ರಮ: ನಾಜಲ್‌ನಿಂದ ಮೇಲೆ 10 ಸೆಂ.ಮೀ. ತನಕ 1-2 ಸೆಂ.ಮೀ. ಗಾತ್ರದ ಇದ್ದಿಲು, ಅದರ ಮೇಲೆ ಸೌದೆ. ಬ್ಲೋವರ್ ಹಾಕಿ, ನಾಜಲ್‌ನಲ್ಲಿ ಬೆಂಕಿ ಕೊಟ್ಟು, ಗ್ಯಾಸನ್ನು ಬೈಪಾಸ್‌ನಿಂದ ಫ್ಲೇರ್‌ಗೆ (ಗ್ಯಾಸನ್ನು ಹೊರಗೆ ಸುಡೋ ಕೊಳವೆ) ಕಳಿಸಿ. ಮೊದಲು ಬಿಳಿ ಹೊಗೆ, ನಂತರ ಹೊತ್ತಿಕೊಳ್ಳುತ್ತೆ. ಥ್ರೋಟ್ ಕೆಳಗೆ 850 ದಾಟಿ, ಜ್ವಾಲೆ ತಿಳಿನೀಲಿಗೆ ತಿರುಗಿ ನಿಂತ ಮೇಲೆ ಮಾತ್ರ ಇಂಜಿನ್. ಹಳದಿ ಜ್ವಾಲೆ ಇರುವಾಗ ಇಂಜಿನ್ ಎಳೆದರೆ ವಾಲ್ವ್ ಅಂಟು ಗ್ಯಾರಂಟಿ.

ಸುಮ್ನೆ_ಓದುಗ

ಬೆಸ್ಕಾಂ ಕರೆಂಟ್ ಇರೋ ಊರಲ್ಲಿ ಇದೆಲ್ಲ ಯಾಕೆ? ಕರೆಂಟ್ ಹೋದಾಗ ಒಂದು ಗಂಟೆ ಓಡಿಸೋಕಾ?

ಇದ್ದಿಲುಹಾಸು

ಒಂದು ಗಂಟೆಯ ಬ್ಯಾಕಪ್‌ಗೆ ಇದು ಖಂಡಿತ ಬೇಡ. ದಿನಕ್ಕೊಂದು ಗಂಟೆ ಓಡಿಸಿದರೆ ಬಹುಪಾಲು ಟಾರ್ ಹೊತ್ತಿಸುವಾಗಲೇ ಬಂದಿರುತ್ತದೆ.

ನನ್ನ ಅಭಿಪ್ರಾಯದಲ್ಲಿ ಪೀಣ್ಯದಂಥ ಕಡೆ ಸೌದೆ ಗ್ಯಾಸಿಗೆ ಸರಿಯಾದ ಕೆಲಸ ಶಾಖ, ವಿದ್ಯುತ್ತಲ್ಲ. ಪೌಡರ್ ಕೋಟಿಂಗ್ ಓವನ್ 180-200 ಡಿಗ್ರಿ ಕೇಳುತ್ತದೆ. ಗ್ಯಾಸನ್ನು ತಣ್ಣಗಾಗಲು ಬಿಡದೆ ನೇರ ಬರ್ನರ್‌ಗೆ ಕೊಟ್ಟರೆ ಟಾರ್ ಕೂಡ ಇಂಧನವಾಗಿಯೇ ಉರಿಯುತ್ತದೆ. ಫಿಲ್ಟರ್ ಬೇಡ, ಕೂಲರ್ ಬೇಡ, ಕಪ್ಪು ನೀರಿಲ್ಲ. ಒಂದು ಕೆಜಿ ಎಲ್‌ಪಿಜಿ ಮಾಡುವ ಕೆಲಸಕ್ಕೆ 3.5ರಿಂದ 4 ಕೆಜಿ ಒಣ ಸೌದೆ. ಬರ್ನರ್ ಮತ್ತು ಓವನ್ ನಡುವೆ ಹೀಟ್ ಎಕ್ಸ್‌ಚೇಂಜರ್ ಮಾತ್ರ ಇರಲೇಬೇಕು, ಮಸಿಯ ಒಂದು ಕಣ ಸಾಕು ಬಣ್ಣ ಕೆಡಲು. ರಾಮನಗರದ ರೇಷ್ಮೆ ಬಿಚ್ಚುವ ಕಡೆ ಗೂಡು ಬೇಯಿಸಲು ಸೌದೆ ಹೋಗುವ ಲೆಕ್ಕ ನೋಡಿದರೂ ಇದೇ ಮಾತು.

ವಿದ್ಯುತ್ತಿಗೆ ಅರ್ಥ ಬರುವುದು ತಂತಿ ಇಲ್ಲದ ಕಡೆ ಅಥವಾ ದಿನವಿಡೀ ಸ್ಥಿರ ಲೋಡ್ ಇರುವ ಕಡೆ. ಭಾರತೀಯ ವಿಜ್ಞಾನ ಸಂಸ್ಥೆಯವರು ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಲ್ಲಿ 3.7 ಕಿ.ವ್ಯಾ. ಘಟಕ ಹಾಕಿ, ಆಮೇಲೆ 20 ಕಿ.ವ್ಯಾ.ಗೆ ಏರಿಸಿದರು. ಆಗ ಆ ಹಳ್ಳಿಗೆ ವಿದ್ಯುತ್ ತಂತಿಯೇ ಇರಲಿಲ್ಲ. ಅಲ್ಲಿ ಗಮನಿಸಬೇಕಾದ್ದು ಯಂತ್ರವೊಂದನ್ನೇ ಅಲ್ಲ. ಸೌದೆಗೆ ಊರಲ್ಲೇ ತೋಪು, ದೀಪದ ಜೊತೆ ನೀರಿನ ಪಂಪು, ಹಿಟ್ಟಿನ ಗಿರಣಿ. ಗಿರಣಿ ಮತ್ತು ಪಂಪು ಸೇರಿದ್ದರಿಂದ ಲೋಡ್ ಸಿಕ್ಕಿತು. ಬರೀ ದೀಪಕ್ಕೆ ಓಡಿಸಿದ್ದರೆ ಅದೂ ಈ ಶೆಡ್ಡಿನ ಹಾಗೆ ಅರೆಬೆಂಕಿಯಲ್ಲೇ ಇರುತ್ತಿತ್ತು. ಆ ಸಂಸ್ಥೆಯ ರಿಯಾಕ್ಟರ್ ಮೇಲ್ಭಾಗ ತೆರೆದಿರುತ್ತದೆ, ಗಾಳಿ ಮೇಲಿನಿಂದಲೂ ನಾಜಲ್‌ನಿಂದಲೂ ಬರುತ್ತದೆ, ಬಿಸಿ ವಲಯ ಉದ್ದವಾಗುತ್ತದೆ, ಟಾರ್ ಒಡೆಯಲು ಹೆಚ್ಚು ಸಮಯ ಸಿಗುತ್ತದೆ. ನೀವು ಮುಂದೆ ರಿಯಾಕ್ಟರ್ ಬದಲಿಸುವುದಾದರೆ ಆ ಮಾದರಿ ನೋಡಿ.

ಸುಮ್ನೆ_ಓದುಗ

ಹಾಗಾದರೆ ಸೌದೆಯಿಂದ ಪೆಟ್ರೋಲ್ ಥರ ದ್ರವ ಇಂಧನ? ಮೆಥನಾಲ್?

ಕಂಠಮಾಪ

ಶೆಡ್ ಕೆಲಸ ಅಲ್ಲ. ಮೆಥನಾಲ್‌ಗೆ ಒಂದು ಪಾಲು ಕಾರ್ಬನ್ ಮಾನಾಕ್ಸೈಡ್, ಎರಡು ಪಾಲು ಹೈಡ್ರೋಜನ್, ತಾಮ್ರ-ಸತುವಿನ ವೇಗವರ್ಧಕ, 50-100 ಬಾರ್ ಒತ್ತಡ ಬೇಕು. ನಮ್ಮ ಗ್ಯಾಸಿನಲ್ಲಿ ಅರ್ಧ ಸಾರಜನಕ, ಅದನ್ನೆಲ್ಲ ಸುಮ್ಮನೆ ಒತ್ತಬೇಕಾಗುತ್ತೆ. ಗಾಳಿ ಬದಲು ಆಮ್ಲಜನಕ ಮತ್ತು ಹಬೆ ಊದಬೇಕು. ಹಬೆ ಊದಿದರೆ ಏನಾಗುತ್ತೆ ಅನ್ನೋದಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲಸ ಇದೆ: ಒಂದು ಕೆಜಿ ಜೀವರಾಶಿಯಲ್ಲಿ ಇರೋದೇ 60 ಗ್ರಾಂ ಹೈಡ್ರೋಜನ್, ತೆಗೆದದ್ದು 100 ಗ್ರಾಂ. ಉಳಿದ 40 ಹಬೆಯಿಂದ ಬಂತು. ಲೆಕ್ಕದ ಗಡಿಯನ್ನು ಸೌದೆಯ ಸುತ್ತ ಮಾತ್ರ ಎಳೆದರೆ ಇದು ಅಸಾಧ್ಯ ಅನ್ನಿಸುತ್ತೆ, ನೀರನ್ನೂ ಒಳಗೆ ತಂದರೆ ಕೂಡುತ್ತೆ.

ನೆಲಮಂಗಲ_ತೋಪು

ಗಡಿ ಅಂದ್ರಲ್ಲ, ಸೌದೆ ಎಲ್ಲಿಂದ ಬರ್ತದೆ ಅನ್ನೋದನ್ನೂ ಒಳಗೆ ತನ್ನಿ. 10 ಕಿ.ವ್ಯಾ., ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಅಂದ್ರೆ 29 ಟನ್. ಒಣಭೂಮಿ ತೋಪು ಹೆಕ್ಟೇರಿಗೆ ವರ್ಷಕ್ಕೆ 5 ಟನ್ ಕೊಟ್ರೆ 14 ಎಕರೆ ಬೇಕು. ಈಗ ಸಿಗೋ ನೀಲಗಿರಿ ಹಳೇ ತೋಪಿನದು. ಹೊಸದಾಗಿ ನೆಡೋದನ್ನ ಸರ್ಕಾರ 2017ರಲ್ಲೇ ನಿಲ್ಲಿಸ್ತು. ಅಂದ್ರೆ ಇವತ್ತಿನ ಅಗ್ಗದ ನೀಲಗಿರಿ ಕರಗೋ ದಾಸ್ತಾನು, ಅದೇ ರೇಟು ಇರ್ತದೆ ಅಂತ ಐದು ವರ್ಷದ ಲೆಕ್ಕ ಹಾಕ್ಬೇಡಿ. ಸರ್ವೆ, ಬಳ್ಳಾರಿ ಜಾಲಿ, ತೆಂಗಿನ ಚಿಪ್ಪು ನೋಡಿ. ಚಿಪ್ಪು ಒಳ್ಳೇ ಇಂಧನ, ಒಡೆದು ಹಾಕ್ಬೇಕು ಅಷ್ಟೆ. ಸೋಗೆ, ಮಟ್ಟೆ ಬೇಡ, ಬೂದಿ ಕರಗಿ ಗಟ್ಟಿ ಕಲ್ಲಾಗಿ ಗ್ರೇಟ್‌ಗೆ ಅಂಟ್ಕೊಳ್ತದೆ. ರಸ್ತೆ ಬದಿ ಮರ ಕಡಿಯೋ ಆಸೆ ಬೇಡ, 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು.

ಯೂಕೊಳವೆ

ಪ್ಯಾಲೆಟ್ ಬಗ್ಗೆ ಒಂದು ಮಾತು. ರಫ್ತು ಪ್ಯಾಲೆಟ್ ಮೇಲೆ ಗೋಧಿ ತೆನೆಯ ಗುರುತಿನ ಮುದ್ರೆ ಇರುತ್ತೆ. ಅದರಲ್ಲಿ ಎಚ್‌ಟಿ ಅಂತಿದ್ದರೆ ಬರೀ ಬಿಸಿ ಮಾಡಿದ್ದು, ಬಳಸಬಹುದು. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಬಿಡಿ. ಬಣ್ಣ ಹಚ್ಚಿದ್ದು, ಹಸಿರು ಛಾಯೆಯ ತಾಮ್ರ-ಆರ್ಸೆನಿಕ್ ಸಂಸ್ಕರಣೆಯದ್ದು, ಪ್ಲೈವುಡ್ ಯಾವುದೂ ಬೇಡ. ಮೊಳೆ ಗ್ರೇಟ್‌ನಲ್ಲಿ ಸಿಕ್ಕಿಕೊಳ್ಳುತ್ತೆ, ಮ್ಯಾಗ್ನೆಟ್ ಹಾಯಿಸಿ.

ಪೀಣ್ಯಶೆಡ್

ಎರಡನೇ ಫಿಲ್ಟರ್ ಕೈಬಿಟ್ಟಿದೆ. ಬಟ್ಟೆಯನ್ನು ಸೈಕ್ಲೋನ್ ಪಕ್ಕಕ್ಕೆ, 4 ಸೆಂ.ಮೀ. ತುಂಡು, ಎರಡು ಡ್ರಮ್ ಡ್ರೈಯರ್, ಲೋಡ್ ಬೆಳಿಗ್ಗೆ 10ರಿಂದ 1ಕ್ಕೆ. ಕೂಲರ್‌ನಿಂದ ಇಳಿಯೋ ಕಪ್ಪು ನೀರು ಏನು ಮಾಡೋದು? ಹಾಪರ್‌ಗೇ ವಾಪಸ್ ಸುರಿದ್ರೆ ಟಾರ್ ಸುಟ್ಟುಹೋಗಲ್ವಾ?

ಕಂಠಮಾಪ

ಸುರಿದರೆ ಡ್ರೈಯರ್ ತೆಗೆದ ನೀರನ್ನು ನೀವೇ ವಾಪಸ್ ಹಾಕಿದಂತೆ, ಬೆಂಕಿ ಮತ್ತೆ ತಣ್ಣಗೆ. ಚರಂಡಿಗೂ ಬಿಡಬೇಡಿ. ಅದರಲ್ಲಿ ಫೀನಾಲ್ ಇದೆ, ಪೀಣ್ಯ ಕಡೆಯ ಕಾಲುವೆಗಳು ವೃಷಭಾವತಿ ಸೇರುತ್ತವೆ, ಅದರ ಹಣೆಬರಹ ಈಗಾಗಲೇ ಸಾಕಷ್ಟಿದೆ. ಮುಚ್ಚಳದ ಕ್ಯಾನ್‌ನಲ್ಲಿ ತುಂಬಿ ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಅಧಿಕೃತರಿಗೆ ಕೊಡಿ. ಸೌದೆ 15ಕ್ಕೆ ಇಳಿದರೆ ಈ ನೀರೂ ಬಹಳ ಕಮ್ಮಿಯಾಗುತ್ತೆ. ಟಾರ್ ಹಿಡಿದ ಮರದಪುಡಿಯನ್ನು ಒಣಗಿಸಿ, ಬ್ರಿಕೆಟ್ ಒತ್ತಿದರೆ ಮಾತ್ರ ರಿಯಾಕ್ಟರ್‌ಗೆ.

ಇಂಜಿನ್‌ಕಿವಿ

ಶೆಡ್ ಒಳಗಾ ಇದೆಲ್ಲ?

ಪೀಣ್ಯಶೆಡ್

ಹೌದು, ಎರಡು ಕಡೆ ಶಟರ್ ಇದೆ.

ಯೂಕೊಳವೆ

ಹೊರಗೆ ತಗಡಿನ ಮಾಡಿನ ಕೆಳಗೆ ಇಡಿ. ಈ ಗ್ಯಾಸಿನಲ್ಲಿ ಐದನೇ ಒಂದು ಭಾಗ ಕಾರ್ಬನ್ ಮಾನಾಕ್ಸೈಡ್. ಗಾಳಿಯಲ್ಲಿ ಶೇ. 1.3ರಷ್ಟು ಸೇರಿದರೆ ಮೂರು ನಿಮಿಷದೊಳಗೆ ಸಾವು, ಅದಕ್ಕೆ ಬಣ್ಣವೂ ಇಲ್ಲ, ತನ್ನದೇ ವಾಸನೆಯೂ ಇಲ್ಲ. ಓಡುವಾಗ ಒಳಗೆ ನಿರ್ವಾತ ಇರೋದರಿಂದ ಸೋರಿಕೆ ಒಳಮುಖ. ಅಪಾಯ ಇರೋದು ನಿಲ್ಲಿಸಿದ ಮೇಲೆ, ಬ್ಲೋವರ್ ಊದುವಾಗ, ಮತ್ತು ಹಾಪರ್ ಮುಚ್ಚಳ ತೆಗೆಯುವಾಗ. ಅಲಾರಂ 50 ಪಿಪಿಎಂಗೆ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 50 ಪಾಲು) ಇಟ್ಟು ಉಸಿರಾಡುವ ಎತ್ತರದಲ್ಲಿ ಹಾಕಿ, ಈ ಗ್ಯಾಸ್ ಮೇಲೂ ಹೋಗಲ್ಲ ಕೆಳಗೂ ಕೂರಲ್ಲ. ನಿಲ್ಲಿಸುವಾಗ ನಾಜಲ್, ಔಟ್‌ಲೆಟ್ ಎರಡನ್ನೂ ಮುಚ್ಚಿ, ಮರುದಿನದ ತನಕ ಬೂದಿ ಬಾಗಿಲು ತೆಗೆಯಬೇಡಿ. ಕೆಂಡ ಇರುವಾಗ ಗಾಳಿ ನುಗ್ಗಿದರೆ ಒಳಗಿರೋ ಗ್ಯಾಸ್ ಸಿಡಿಯುತ್ತೆ. ಹಾಪರ್ ಮುಚ್ಚಳಕ್ಕೆ ಬೋಲ್ಟ್ ಬದಲು ಸ್ಪ್ರಿಂಗ್ ಹಾಕಿ, ಸಿಡಿದರೂ ಮೇಲಕ್ಕೆ ಎದ್ದು ಒತ್ತಡ ಬಿಡುತ್ತೆ.